ಗುರುಗುಟ್ಟುವ ನಾಯಿಯನ್ನು ಹೊಡೆಯಬೇಡಿ: ಪಶುವೈದ್ಯರಿಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಡಾಕ್ಟರೇ, ಐದು ವಾರಗಳ ಹಿಂದೆ ಪ್ರಾಣಿರಕ್ಷಣಾ ಕೇಂದ್ರವೊಂದರಿಂದ ಸುಮಾರು ಎರಡು ವರ್ಷದ ಗಂಡು ಬೀದಿನಾಯಿಯನ್ನು ಮನೆಗೆ ತಂದು ಕೆಂಚ ಎಂದು ಹೆಸರಿಟ್ಟಿದ್ದೇವೆ. ಅವನ ಕಿವಿಯ ತುದಿಯಲ್ಲಿ ಕತ್ತರಿಸಿದ ಗುರುತಿದೆ. ಮೊದಲ ಎರಡು ವಾರ ಮಂಚದ ಕೆಳಗಿನಿಂದ ಹೊರಬರಲೇ ಇಲ್ಲ. ಆಮೇಲೆ ಚೇತರಿಸಿಕೊಂಡು ನನ್ನ ಹಿಂದೆಯೇ ಓಡಾಡತೊಡಗಿದ್ದ. ಈಗ ಹತ್ತು ದಿನಗಳಿಂದ ಮತ್ತೆ ಮಂಕಾಗಿದ್ದಾನೆ. ಅನ್ನವನ್ನು ಅರ್ಧಕ್ಕೇ ಬಿಡುತ್ತಾನೆ, ಆದರೆ ತಟ್ಟೆಯ ಬಳಿ ಯಾರು ಹೋದರೂ ಗುರುಗುಟ್ಟುತ್ತಾನೆ. ಪೊರಕೆ ಕಂಡರೆ ನಿಂತಲ್ಲೇ ಉಚ್ಚೆ ಹೊಯ್ದುಕೊಳ್ಳುತ್ತಾನೆ. ಮೊನ್ನೆ ಬೆನ್ನು ಸವರಲು ಹೋದ ಮಗನಿಗೆ ಹಲ್ಲು ತೋರಿಸಿದ. ನಾಲ್ಕು ಏಟು ಕೊಟ್ಟರೆ ಸರಿಹೋಗುತ್ತಾನೆ ಎಂದು ನಮ್ಮ ಯಜಮಾನರು, ವಾಪಸ್ ಬಿಟ್ಟು ಬನ್ನಿ ಎಂದು ಅತ್ತೆಯವರು ಹೇಳುತ್ತಿದ್ದಾರೆ. ಏನು ಮಾಡಲಿ?
– ಗೃಹಿಣಿಯೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಗಮನ ಮೊದಲು ಹೋದದ್ದು ‘ಹತ್ತು ದಿನಗಳಿಂದ’ ಎಂಬ ಮಾತಿನ ಕಡೆಗೆ. ಚೇತರಿಸಿಕೊಳ್ಳುತ್ತಿದ್ದ ನಾಯಿ ಇದ್ದಕ್ಕಿದ್ದಂತೆ ಊಟ ಕಡಿಮೆ ಮಾಡಿ, ಮಂಕಾಗಿ, ಮುಟ್ಟಿದರೆ ಹಲ್ಲು ತೋರಿಸುತ್ತಿದೆ ಎಂದರೆ, ಅದು ಸ್ವಭಾವದ ದೋಷವೆಂದು ತೀರ್ಮಾನಿಸುವ ಮೊದಲು ಮೈಯಲ್ಲಿ ನೋವೋ ಜ್ವರವೋ ಇದೆಯೇ ಎಂದು ನೋಡಲೇಬೇಕು. ಬೀದಿಯಿಂದ ಬಂದ ನಾಯಿಗಳಲ್ಲಿ ನಾನು ಮೊದಲು ಸಂಶಯಪಡುವುದು ಉಣ್ಣೆ ಜ್ವರವನ್ನು, ಅಂದರೆ ಟಿಕ್ ಫೀವರ್ ಅನ್ನು. ಉಣ್ಣೆ ಕಚ್ಚಿದಾಗ ಎರ್ಲಿಕಿಯಾ ಎಂಬ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿ ಬಿಳಿ ರಕ್ತಕಣಗಳೊಳಗೆ ಬೆಳೆಯುತ್ತದೆ. ಪ್ಲೇಟ್‌ಲೆಟ್‌ಗಳು ಕುಸಿಯುತ್ತವೆ, ಕೀಲುಗಳು ನೋಯುತ್ತವೆ. ಕೆಲವು ನಾಯಿಗಳಲ್ಲಿ ಈ ಸೋಂಕು ತಿಂಗಳುಗಟ್ಟಲೆ ಸದ್ದಿಲ್ಲದೆ ಉಳಿದು ಆಮೇಲೆ ಹೊರಬೀಳುತ್ತದೆ. ಆದ್ದರಿಂದ ಕೇಂದ್ರದಿಂದ ಬರುವಾಗ ಕೆಂಚ ಆರೋಗ್ಯವಾಗಿಯೇ ಕಂಡಿದ್ದರಲ್ಲಿ ಆಶ್ಚರ್ಯವಿಲ್ಲ.

ನಾಳೆಯೇ ಪಶು ಆಸ್ಪತ್ರೆಗೆ ಕರೆದೊಯ್ಯಿರಿ. ನಾಯಿಯ ಮೈಶಾಖ ಸಹಜವಾಗಿಯೇ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುವುದರಿಂದ ಕೈಯಿಂದ ಮುಟ್ಟಿ ಜ್ವರವನ್ನು ತಿಳಿಯಲಾಗದು. ವಸಡು ಬಿಳಿಚಿದ್ದರೆ, ಮೂಗಿನಿಂದ ರಕ್ತ ಬಂದರೆ ಅಥವಾ ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ನಾಳೆಯವರೆಗೂ ಕಾಯಬೇಡಿ. ರಕ್ತ ಪರೀಕ್ಷೆಯಲ್ಲಿ ಎರ್ಲಿಕಿಯಾ ಖಚಿತವಾದರೆ ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು 28 ದಿನ ಕೊಡಲಾಗುತ್ತದೆ. ಮೂರ್ನಾಲ್ಕು ದಿನಗಳಲ್ಲೇ ನಾಯಿ ಲವಲವಿಕೆಯಿಂದ ಓಡಾಡತೊಡಗುತ್ತದೆ, ಮನೆಯವರು ಮಾತ್ರೆ ನಿಲ್ಲಿಸಿಬಿಡುತ್ತಾರೆ. ಎರಡು ತಿಂಗಳ ನಂತರ ಅದೇ ನಾಯಿ ಇನ್ನೂ ಕೆಟ್ಟ ಸ್ಥಿತಿಯಲ್ಲಿ ಮತ್ತೆ ನನ್ನ ಮೇಜಿನ ಮೇಲೆ ಬಂದು ಮಲಗಿದ್ದನ್ನು ನಾನು ಹಲವು ಸಲ ನೋಡಿ ನೊಂದಿದ್ದೇನೆ. ದಯವಿಟ್ಟು ಕೊನೆಯ ಮಾತ್ರೆಯವರೆಗೂ ಕೊಡಿ, ಅದೂ ಆಹಾರದ ಜೊತೆಗೆ. ಮನೆಯಲ್ಲಿರುವ ಪ್ಯಾರಾಸಿಟಮಾಲ್ ಅನ್ನು ಮಾತ್ರ ನೀವಾಗಿಯೇ ಕೊಡಬೇಡಿ. ಅದು ನಾಯಿಯ ಯಕೃತ್ತಿಗೆ ಹಾನಿ ಮಾಡಬಲ್ಲದು. ಉಣ್ಣೆಗಳು ಗೋಡೆಯ ಬಿರುಕು, ಮಂಚದ ಸಂದು, ಬಾಗಿಲ ಚೌಕಟ್ಟುಗಳಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಡುವುದರಿಂದ ನಾಯಿಯ ಮೈಗಷ್ಟೇ ಔಷಧಿ ಹಾಕಿದರೆ ಸಾಲದು, ಅವನು ಮಲಗುವ ಜಾಗವನ್ನೂ ಸ್ವಚ್ಛ ಮಾಡಬೇಕು.

ಇನ್ನು ಗುರುಗುಟ್ಟುವ ವಿಚಾರ. ಗುರುಗುಟ್ಟುವುದೆಂದರೆ ಕಚ್ಚುವ ಮೊದಲು ನಾಯಿ ಕೊಡುವ ಎಚ್ಚರಿಕೆ. ಏಟು ಕೊಟ್ಟು ಅದನ್ನು ನಿಲ್ಲಿಸಿದರೆ ನಾಯಿಯ ಭಯ ಹೋಗುವುದಿಲ್ಲ, ಎಚ್ಚರಿಕೆಯಷ್ಟೇ ಹೋಗುತ್ತದೆ; ಮುಂದೊಂದು ದಿನ ಅದು ಸದ್ದಿಲ್ಲದೆ ಕಚ್ಚುತ್ತದೆ. ನಿಮ್ಮ ಯಜಮಾನರಿಗೆ ಈ ಒಂದು ಮಾತನ್ನು ಓದಿ ಹೇಳಿ. ಬೀದಿಯಲ್ಲಿ ಎರಡು ವರ್ಷ ಬದುಕಿದ ನಾಯಿಗೆ ಸಿಕ್ಕಿದ ತುತ್ತನ್ನು ಕಾಪಾಡಿಕೊಳ್ಳುವುದೇ ಜೀವನವಾಗಿತ್ತು. ಯಾರಾದರೂ ಬಳಿ ಬಂದರೆ ಊಟ ಹೋಗುತ್ತದೆ ಎಂದು ಅದು ಕಲಿತಿದೆ. ಯಾರಾದರೂ ಬಳಿ ಬಂದರೆ ಊಟ ಹೆಚ್ಚಾಗುತ್ತದೆ ಎಂದು ನಾವು ಈಗ ಕಲಿಸಬೇಕು. ಜ್ವರ ಇಳಿದು ಹಸಿವು ಮರಳಿದ ಮೇಲೆ, ಕೆಂಚ ತಿನ್ನುತ್ತಿರುವಾಗ ಅವನು ಗುರುಗುಟ್ಟದಷ್ಟು ದೂರದಿಂದ, ಆರೇಳು ಅಡಿಯೋ ಹತ್ತಡಿಯೋ ಆಗಬಹುದು, ಹಾದುಹೋಗುತ್ತಾ ಉಪ್ಪು ಖಾರವಿಲ್ಲದೆ ಬೇಯಿಸಿದ ಕೋಳಿಯ ತುಂಡನ್ನೋ ಮೊಟ್ಟೆಯ ಚೂರನ್ನೋ ಅವನತ್ತ ಎಸೆದು, ನಿಲ್ಲದೆ ಮುಂದೆ ಹೋಗಿ. ನೀವು ಬರುವುದನ್ನು ಕಂಡು ಅವನೇ ತಲೆಯೆತ್ತಿ ಬಾಲ ಸಡಿಲಿಸಿ ಕಾಯತೊಡಗಿದ ದಿನ ಅರ್ಧ ಹೆಜ್ಜೆ ಹತ್ತಿರವಾಗಿ. ಇದಕ್ಕೆ ವಾರಗಳೇ ಹಿಡಿಯಬಹುದು. ಅಲ್ಲಿಯವರೆಗೂ ಅವನ ತಟ್ಟೆಯನ್ನು ಜನ ಓಡಾಡದ ಮೂಲೆಯಲ್ಲಿಡಿ, ಮತ್ತು ಆ ಹೊತ್ತಿನಲ್ಲಿ ಮಗುವನ್ನು ಆ ಕೋಣೆಗೆ ಬಿಡಲೇಬೇಡಿ.

ಪೊರಕೆಯ ಭಯಕ್ಕೂ ಇದೇ ದಾರಿ: ದೂರದಲ್ಲಿ ಪೊರಕೆಯನ್ನು ಅಲುಗಾಡಿಸದೆ ನೆಲದ ಮೇಲಿಡಿ, ಅದು ಕಣ್ಣಿಗೆ ಬಿದ್ದಾಗಲೆಲ್ಲ ತಿನಿಸು ಕೊಡಿ, ತಿನಿಸು ಮುಗಿದಾಗ ಪೊರಕೆಯನ್ನೂ ಎತ್ತಿಡಿ. ಕಸ ಗುಡಿಸುವಾಗ ಅವನನ್ನು ಬೇರೆ ಕೋಣೆಯಲ್ಲಿ ಬಿಡಿ. ಉಚ್ಚೆ ಹೊಯ್ದದ್ದಕ್ಕೆ ಬೈಯಬೇಡಿ, ಅದು ಅವನ ಹತೋಟಿಯಲ್ಲಿಲ್ಲ. ಮಂಚದ ಕೆಳಗೆ ಹೋಗಿ ಕೂತರೆ ಎಳೆಯಬೇಡಿ. ಅಡಗಲು ಒಂದು ಜಾಗವಿದೆ ಎಂಬ ನಂಬಿಕೆಯೇ ಅವನನ್ನು ಹೊರಗೆ ಬರುವಂತೆ ಮಾಡುತ್ತದೆ. ಮುಟ್ಟುವುದಿದ್ದರೆ ಅವನೇ ಬಳಿ ಬಂದಾಗ, ತಲೆಯ ಮೇಲಿನಿಂದಲ್ಲ, ಎದೆಯ ಪಕ್ಕದಿಂದ ಮೂರು ಸೆಕೆಂಡು ಸವರಿ ಕೈ ತೆಗೆಯಿರಿ. ಇನ್ನೂ ಬೇಕಿದ್ದರೆ ಅವನೇ ಮೈ ಒತ್ತುತ್ತಾನೆ.

ಅವನ ಕಿವಿಯ ಗುರುತು ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿರುವುದನ್ನು ಹೇಳುತ್ತದೆ. ಆಗ ರೇಬೀಸ್ ಲಸಿಕೆಯನ್ನೂ ಹಾಕುವುದು ರೂಢಿ. ಆದರೆ ಅದು ಎಂದು ಹಾಕಿದ್ದೆಂದು ಕೇಂದ್ರದಲ್ಲಿ ವಿಚಾರಿಸಿ, ಸಂಶಯವಿದ್ದರೆ ಮತ್ತೊಮ್ಮೆ ಹಾಕಿಸಿ, ಆಮೇಲೆ ವರ್ಷಕ್ಕೊಮ್ಮೆ ತಪ್ಪಿಸಬೇಡಿ. ಅತ್ತೆಯವರ ಆತಂಕ ನನಗೆ ಅರ್ಥವಾಗುತ್ತದೆ, ಮನೆಯಲ್ಲಿ ಮಗುವಿದೆ. ಆದರೆ ಎರಡು ವಾರಗಳಲ್ಲಿ ನಿಮ್ಮ ಹಿಂದೆ ಓಡಾಡತೊಡಗಿದ್ದ ನಾಯಿ ಮನುಷ್ಯರನ್ನು ನಂಬಬಲ್ಲ ನಾಯಿ. ಚಿಕಿತ್ಸೆ ಮುಗಿಯುವವರೆಗೂ ಕಾಯಲು ಅವರನ್ನು ಒಪ್ಪಿಸಿ.

ಪ್ರಶ್ನೆ: ರಸ್ತೆಬದಿಯಲ್ಲಿ ಸಿಕ್ಕಿದ ಮೂರು ತಿಂಗಳ ಮರಿಯ ಮೈತುಂಬ ಕಜ್ಜಿಯಾಗಿ ಕೂದಲುದುರಿದೆ. ಹಳೆಯ ಎಂಜಿನ್ ಆಯಿಲ್ ಹಚ್ಚಲು ಹೇಳುತ್ತಿದ್ದಾರೆ. ಹಚ್ಚಬಹುದೇ?
– ವಿದ್ಯಾರ್ಥಿ, ಶಿರಸಿ

ಉತ್ತರ: ಖಂಡಿತ ಬೇಡ. ಮರಿ ಅದನ್ನು ನೆಕ್ಕುತ್ತದೆ, ಚರ್ಮವೂ ಹೀರುತ್ತದೆ. ಆ ವಿಷ ಮರಿಯ ಪ್ರಾಣಕ್ಕೇ ಕುತ್ತಾಗಬಹುದು. ಕಜ್ಜಿಗೆ ಕಾರಣವಾಗುವ ಹುಳುಗಳಲ್ಲಿ ಮುಖ್ಯವಾಗಿ ಎರಡು ಬಗೆಯಿದ್ದು, ಸಾರ್ಕಾಪ್ಟಿಸ್ ಆದರೆ ವಿಪರೀತ ತುರಿಕೆಯಿರುತ್ತದೆ ಮತ್ತು ಎತ್ತಾಡಿಸಿದವರ ಕೈಗೂ ಸ್ವಲ್ಪ ದಿನ ತುರಿಕೆ ಬರಬಹುದು. ಡೆಮೊಡೆಕ್ಸ್ ಮನುಷ್ಯರಿಗೆ ಹರಡುವುದಿಲ್ಲ. ವೈದ್ಯರು ಚರ್ಮವನ್ನು ತುಸು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳುತ್ತಾರೆ. ಎರಡಕ್ಕೂ ಈಗ ಒಳ್ಳೆಯ ಮಾತ್ರೆಗಳಿವೆ. ಜಂತುಹುಳುವಿನ ಔಷಧಿಯನ್ನೂ ರೇಬೀಸ್ ಲಸಿಕೆಯನ್ನೂ ಅದೇ ಭೇಟಿಯಲ್ಲಿ ಕೇಳಿ. ಲಸಿಕೆಯಾಗದ ಆ ಮರಿ ಈಗಾಗಲೇ ನಿಮ್ಮನ್ನು ಪರಚಿದ್ದರೆ ಅಥವಾ ಕಚ್ಚಿದ್ದರೆ, ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಮರಿಯನ್ನು ಡಾಕ್ಟರಿಗೆ ತೋರಿಸುವ ಮೊದಲು ನೀವು ಸರ್ಕಾರಿ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಿ.