ಸಿಗ್ನಲ್‌ನಲ್ಲಿ ನಿಂತಾಗ ಕಾರ್ ನಡುಗುತ್ತೆ, ಚೆಕ್ ಇಂಜಿನ್ ಲೈಟ್ ಮಿಣುಕುತ್ತೆ, ಯಾಕೆ?

ಇಂಜಿನ್ ಒಳಗೆ ಇಂಧನ ಉರಿಯೋ ಸಿಲಿಂಡರ್ ಸಾಮಾನ್ಯವಾಗಿ ನಾಲ್ಕಿರುತ್ತೆ, ಅದರಲ್ಲಿ ಒಂದು ಸರಿಯಾಗಿ ಉರೀತಿಲ್ಲ, ಇದನ್ನೇ ಮಿಸ್‌ಫೈರ್ ಅನ್ನೋದು. ಪೆಟ್ರೋಲ್ ಕಾರಾದ್ರೆ ಹೆಚ್ಚಾಗಿ ಕಿಡಿ ಹಾರಿಸೋ ಸ್ಪಾರ್ಕ್ ಪ್ಲಗ್ಗು, ಇಲ್ಲಾ ಅದಕ್ಕೆ ಕರೆಂಟ್ ಕೊಡೋ ಇಗ್ನಿಷನ್ ಕಾಯಿಲ್ ಹೋಗಿರುತ್ತೆ. ಗಾಳಿ, ಪೆಟ್ರೋಲ್, ಕಿಡಿ ಮೂರೂ ಸರಿಯಾದ ಟೈಮಿಗೆ ಸೇರ್ಬೇಕು, ಒಂದು ತಪ್ಪಿದ್ರೂ ಆ ಸಿಲಿಂಡರ್ ಸುಮ್ನೆ ಕೂತು ಉಳಿದ ಮೂರೇ ಎಳೀತವೆ, ಅದಕ್ಕೇ ನಡುಕ.

ಮೊದ್ಲು ಗ್ಯಾರೇಜಲ್ಲಿ ಕಾರಿನ ತಪ್ಪಿನ ಕೋಡ್ ಓದೋ ಸ್ಕ್ಯಾನರ್ ಹಾಕ್ಸಿ. ಪಿ0302 ಅಂತ ಬಂದ್ರೆ ಎರಡನೇ ಸಿಲಿಂಡರ್. ಆದ್ರೆ ತಕ್ಷಣ ಹೊಸ ಪಾರ್ಟ್ ತಗೋಬೇಡಿ ದಯವಿಟ್ಟು, ಎರಡನೇದರ ಕಾಯಿಲ್ ತೆಗೆದು ಮೂರನೇದಕ್ಕೆ ಹಾಕಿ, ಮೂರನೇದು ಎರಡನೇದಕ್ಕೆ, ಕೋಡ್ ಅಳಿಸಿ ಗಾಡಿ ನಿಂತಲ್ಲೇ ಇಂಜಿನ್ ಸ್ವಲ್ಪ ಹೊತ್ತು ಚಾಲೂ ಇಟ್ಟು ನೋಡಿ. ಈಗ ಪಿ0303 ಬಂದ್ರೆ ಕಾಯಿಲೇ ಕೆಟ್ಟಿರೋದು. ಪಿ0302 ಹಾಗೇ ಇದ್ರೆ ಪ್ಲಗ್ ಅದಲು ಬದಲು ಮಾಡಿ, ಅದೂ ಅಲ್ಲ ಅಂದ್ರೆ ಪೆಟ್ರೋಲ್ ಚಿಮ್ಮಿಸೋ ಇಂಜೆಕ್ಟರ್, ಕೊನೆಗೆ ಕಂಪ್ರೆಷನ್, ಅಂದ್ರೆ ಸಿಲಿಂಡರ್ ಒಳಗಿನ ಒತ್ತಡ, ಚೆಕ್ ಮಾಡಿಸಿ. ಪ್ಲಗ್ ಬಿಚ್ಚಿದಾಗ ಅದರ ಬಿಳಿ ಪಿಂಗಾಣಿ ಮೇಲೆ ಕೂದಲೆಳೆಯಷ್ಟು ಕಪ್ಪು ಗೆರೆ ಇದ್ಯಾ ನೋಡಿ, ಕಿಡಿ ಅಲ್ಲಿಂದ ಸೋರ್ತಿದೆ ಅಂತ ಅರ್ಥ. ಪ್ಲಗ್ ಕೂರೋ ಗುಳಿಯಲ್ಲಿ ಆಯಿಲ್ ನಿಂತಿದ್ರೆ ಅದನ್ನ ತಡೆಯೋ ಸೀಲೂ ಬದಲಾಯಿಸ್ಬೇಕು.

ಲೈಟ್ ಮಿಣುಕ್ತಿರುವಾಗ ಮಾತ್ರ ಗಾಡಿ ಓಡಿಸ್ಬೇಡಿ, ಉರಿಯದ ಪೆಟ್ರೋಲ್ ಸೈಲೆನ್ಸರ್ ಲೈನಲ್ಲಿ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಹೋಗಿ ಉರಿದು ಅದನ್ನ ಸುಟ್ಟುಹಾಕುತ್ತೆ, ಅದರ ರೇಟ್ ಕಾಯಿಲಿಗಿಂತ ಎಷ್ಟೋ ಪಟ್ಟು ಜಾಸ್ತಿ.