ಮಾತಿಗೂ ಫೀಸಾ?

ಪ್ರಶ್ನೆ: ಸೈಕೋಅನಾಲಿಸಿಸ್ ಅನ್ನೋ ಮನಸ್ಸಿನ ಚಿಕಿತ್ಸೆ ಅಂದ್ರೆ ಸುಮ್ನೆ ಮಾತಾಡೋದಂತೆ, ಅದಕ್ಕೆ ಫೀಸು ಬೇರೆ! ಬೆಣ್ಣೆದೋಸೆ ಹೋಟೆಲಲ್ಲಿ ಗೆಳೆಯರ ಜೊತೆ ನಾವು ಮಾಡೋದೂ ಅದೇ ಅಲ್ವಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಅಲ್ಲ. ದೋಸೆ ಮುಂದೆ ಕೂತ ಗೆಳೆಯ ನಡುವೆ ಬಾಯಿ ಹಾಕುತ್ತಾನೆ, ಬುದ್ಧಿ ಹೇಳುತ್ತಾನೆ, ಆಮೇಲೆ ತನ್ನದೇ ಕಥೆ ಶುರು ಮಾಡುತ್ತಾನೆ. ಈ ಚಿಕಿತ್ಸೆಯಲ್ಲಿ ಮನಸ್ಸಿಗೆ ಬಂದದ್ದನ್ನು, ನಾಚಿಕೆ ಆದರೂ, ಸೋಸದೆ ಹೇಳಬೇಕು. ಕೇಳುವವರು ನೀವು ಎಲ್ಲಿ ತಡವರಿಸುತ್ತೀರಿ, ಏನನ್ನು ಮರೆಯುತ್ತೀರಿ ಅನ್ನೋದನ್ನೂ ಗಮನಿಸಿ, ಒಳಗೆ ಅದುಮಿಟ್ಟದ್ದನ್ನು ಹುಡುಕುತ್ತಾರೆ. 1880-82ರಲ್ಲಿ ವಿಯೆನ್ನಾದ ಡಾಕ್ಟರ್ ಜೋಸೆಫ್ ಬ್ರಾಯರ್ ಹತ್ತಿರ ಚಿಕಿತ್ಸೆ ಪಡೆದ ಯುವತಿಯೊಬ್ಬಳು (ಬರಹಗಳಲ್ಲಿ ಅವಳು 'ಅನ್ನಾ ಓ.') ಹೀಗೆ ಮನಸ್ಸು ಬಿಚ್ಚಿ ಮಾತಾಡೋದನ್ನು 'ಮಾತಿನ ಮದ್ದು' ಅಂದಳು, ತಮಾಷೆಗೆ 'ಚಿಮಣಿ ಗುಡಿಸೋದು' ಅಂತಲೂ. ಅದೇ ಊರಿನ ಇನ್ನೊಬ್ಬ ಡಾಕ್ಟರ್ ಸಿಗ್ಮಂಡ್ ಫ್ರಾಯ್ಡ್ ಇದನ್ನೇ ಬೆಳೆಸಿ 1896ರಲ್ಲಿ ಸೈಕೋಅನಾಲಿಸಿಸ್ ಎಂಬ ಹೆಸರು ಕೊಟ್ಟರು. ಆದರೆ ಆ ಯುವತಿ ಆಮೇಲೂ ಆಸ್ಪತ್ರೆ ಸೇರಬೇಕಾಯಿತು, ಅದನ್ನು ಜಾಸ್ತಿ ಯಾರೂ ಹೇಳೋದಿಲ್ಲ.