ಪ್ಯಾಡ್ ಇಲ್ಲದ ಕಾಲದಲ್ಲಿ ಹೆಂಗಸರು ಮುಟ್ಟಿಗೆ ಏನು ಬಳಸುತ್ತಿದ್ದರು?

ಪ್ರಾಚೀನ ಗ್ರೀಕರು ಕಡ್ಡಿಗೆ ನಾರು ಸುತ್ತಿ ಟ್ಯಾಂಪನ್ (ರಕ್ತ ಹೀರಲು ಯೋನಿಯೊಳಗೆ ಇಡುವ ಬತ್ತಿ) ಮಾಡಿಕೊಳ್ಳುತ್ತಿದ್ದರಂತೆ, ನಿಜವೇ ಎಂದೂ ಕೇಳಿದ್ದೀರಿ. ಅದನ್ನು ಮೊದಲು ಮುಗಿಸುತ್ತೇನೆ: ನಂಬಬೇಡಿ. ಗ್ರೀಕ್ ವೈದ್ಯ ಹಿಪೊಕ್ರೆಟಿಸನ ಹೆಸರಿನ ಗ್ರಂಥಗಳಲ್ಲಿ ಒಳಗಿಡುವ ಉಣ್ಣೆಯ ಬತ್ತಿಗಳು ಬರುತ್ತವೆ, ಆದರೆ ಅವು ಔಷಧಿ ಹಚ್ಚಿ ಚಿಕಿತ್ಸೆಗೆ ಇಡುತ್ತಿದ್ದಂಥವು.

ಹೆಚ್ಚಾಗಿ ಬಳಸುತ್ತಿದ್ದುದು ಹಳೇ ಬಟ್ಟೆ. ಅಲೆಕ್ಸಾಂಡ್ರಿಯಾದ ಗಣಿತಜ್ಞೆ ಹೈಪೇಷಿಯಾ (ಸಾವು ಕ್ರಿ.ಶ. 415) ಪ್ರೀತಿ ಪ್ರೀತಿ ಎಂದು ಬೆನ್ನುಬಿದ್ದ ಶಿಷ್ಯನಿಗೆ ತನ್ನ ಮುಟ್ಟಿನ ಬಟ್ಟೆಯನ್ನೇ ತೋರಿಸಿದಳೆಂದು ತತ್ತ್ವಜ್ಞಾನಿ ಡಮಾಸ್ಕಿಯಸ್ ಬರೆದಿದ್ದಾನೆ. ಕಥೆ ಸುಳ್ಳೇ ಇರಲಿ, ಮುಟ್ಟಿನ ಬಟ್ಟೆ ಅವನ ಕಾಲದ ಓದುಗರಿಗೆಲ್ಲ ಗೊತ್ತಿದ್ದದ್ದೇ.

ಹಳೇದೇ ಏಕೆಂದರೆ ಹೊಸ ಹತ್ತಿ ಬಟ್ಟೆಯಲ್ಲಿ ಗಂಜಿ ಇರುತ್ತದೆ, ಬೇಗ ಹೀರುವುದಿಲ್ಲ. ಹತ್ತಾರು ಸಲ ಒಗೆದದ್ದು ಮೆತ್ತಗೂ ಇರುತ್ತದೆ. ಇಡೀ ಮುಟ್ಟಿಗೆ ಹೋಗುವ ರಕ್ತ ಸಾಮಾನ್ಯವಾಗಿ 30–40 ಮಿ.ಲೀ., ಅಂದರೆ ಎರಡು ಮೂರು ದೊಡ್ಡ ಚಮಚ. ಹೀಗಾಗಿ ಹೀರಿಸುವುದು ಅಷ್ಟು ಕಷ್ಟವಲ್ಲ. ಕಷ್ಟ ಇದ್ದದ್ದು ಬಟ್ಟೆ ಜಾರದಂತೆ ನಿಲ್ಲಿಸುವುದರಲ್ಲಿ, ಆಮೇಲೆ ಒಣಗಿಸುವುದರಲ್ಲಿ. ಆಗ ಮೈಗಂಟುವ ಒಳಉಡುಪು ಇರಲಿಲ್ಲ. ಸೊಂಟಕ್ಕೊಂದು ದಾರ ಬಿಗಿದು, ಉದ್ದನೆಯ ಪಟ್ಟಿಯನ್ನು ನಾಲ್ಕೈದು ಪದರ ಮಡಚಿ, ತೊಡೆಸಂದಿಯಿಂದ ಎಳೆದು, ಎರಡೂ ತುದಿಯನ್ನು ಹಿಂದೆ ಮುಂದೆ ದಾರಕ್ಕೆ ಸಿಕ್ಕಿಸುವುದು ಒಂದು ವಿಧಾನ. ದಾರ ಸಡಿಲವಾದರೆ ಪಟ್ಟಿ ಹಿಂದಕ್ಕೆ ಸರಿದು ಕಲೆಯಾಗುತ್ತದೆ. ಬದಲಿಸುವುದು ತಡವಾದರೆ ಮಡಿಕೆಯ ಅಂಚು ಒಣಗಿ ಗಡುಸಾಗಿ, ನಡೆದಾಗ ತೊಡೆ ಉಜ್ಜಿ ಹುಣ್ಣಾಗುತ್ತದೆ.

ಒಗೆಯುವಾಗ ಮೊದಲು ತಣ್ಣೀರು. ಬಿಸಿನೀರಿಗೆ ಹಾಕಿದರೆ ರಕ್ತದ ಪ್ರೋಟೀನು ಗಟ್ಟಿಯಾಗಿ ನೂಲಿಗೆ ಕಚ್ಚಿಕೊಳ್ಳುತ್ತದೆ, ಮತ್ತೆ ಎಷ್ಟು ಉಜ್ಜಿದರೂ ಕಂದು ಗುರುತು ಹೋಗುವುದಿಲ್ಲ. ನೆನೆಸಿ, ಕೆಂಪು ಬಿಡುವವರೆಗೆ ನೀರು ಬದಲಿಸಿ, ಆಮೇಲೆ ಸಾಬೂನೋ ಬೂದಿಯೋ. ಕೊನೆಗೆ ಬಿಸಿಲು. ನಾಚಿಕೆಗೆ ಕತ್ತಲ ಮೂಲೆಯಲ್ಲೋ ಬೇರೆ ಬಟ್ಟೆಯಡಿಯೋ ಒಣಹಾಕಿದರೆ ಹಸಿ ಉಳಿದು ವಾಸನೆ, ತುರಿಕೆ. ದೋಷ ಬಟ್ಟೆಯದ್ದಲ್ಲ, ಅದನ್ನು ಬಚ್ಚಿಡಬೇಕಾದದ್ದರದ್ದು.

ಇನ್ನೊಂದು ಮಾತು: ಮೈನೆರೆಯುವುದು ತಡ, ಬಸಿರು ಬಾಣಂತನ ಹೆಚ್ಚು, ಮಗುವಿಗೆ ಎರಡು ಮೂರು ವರ್ಷ ಹಾಲು. ಹಾಗಾಗಿ ಎಷ್ಟೋ ಹೆಂಗಸರು ಇಂದಿನವರಿಗಿಂತ ತೀರಾ ಕಡಿಮೆ ಸಲ ಮುಟ್ಟಾಗುತ್ತಿದ್ದರು.

ಮೊದಲ ಮಹಾಯುದ್ಧದಲ್ಲಿ ಗಾಯಕ್ಕೆ ಕಟ್ಟುತ್ತಿದ್ದ ಮರದ ತಿರುಳಿನಿಂದ ಮಾಡಿದ ಹತ್ತಿಯಂಥ ವಸ್ತುವನ್ನು ನರ್ಸುಗಳು ಮುಟ್ಟಿಗೂ ಬಳಸಿಕೊಂಡರು; 1920ರ ದಶಕದಲ್ಲಿ ಅದೇ ಕೋಟೆಕ್ಸ್ ಎಂಬ ಪ್ಯಾಡಾಗಿ ಅಂಗಡಿಗೆ ಬಂತು. ಎಸೆಯುವ ಪ್ಯಾಡ್ ಬಂದರೂ ಸೊಂಟದ ಪಟ್ಟಿ ಮಾತ್ರ ಹೋಗಲಿಲ್ಲ. ಅದನ್ನು ಬಿಡಿಸಿದ್ದು 1970ರ ಸುಮಾರಿಗೆ ಪ್ಯಾಡಿನ ಹಿಂಬದಿಗೆ ಬಂದ ಅಂಟಿನ ಪಟ್ಟಿ.